ಗಲ್ಲಾ ಬಿಟ್ಟು ಒಂದು ದಿನ, ಗಂಡ ಹೆಂಡತಿ ಇಬ್ಬರೇ

ಮುಂಬಯಿಗೆ ಬಂದು ಮೂವತ್ತು ವರ್ಷ ಕಳೆದ ನಮ್ಮ ಹೋಟೆಲ್ ಬಾಂಧವರಲ್ಲಿ ಯಾರನ್ನಾದರೂ ಒಂದು ಪ್ರಶ್ನೆ ಕೇಳಿ ನೋಡಿ. ಗಂಡ ಹೆಂಡತಿ ಇಬ್ಬರೇ, ಮಕ್ಕಳಿಲ್ಲದೆ, ನೆಂಟರಿಲ್ಲದೆ, ಮದುವೆ ಮುಂಜಿಯ ಕಾರಣವಿಲ್ಲದೆ ನೀವು ಹೊರಗೆ ಹೋದದ್ದು ಯಾವಾಗ? ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಕೆಲವರು ಊರಿಗೆ ಹೋದದ್ದನ್ನು ಹೇಳುತ್ತಾರೆ. ಆದರೆ ಊರಿಗೆ ಹೋಗುವುದು ತಿರುಗಾಟವಲ್ಲ. ಅಲ್ಲಿ ನೇಮ, ಬ್ರಹ್ಮಕಲಶ, ತಂಗಿಯ ಮಗಳ ಸೀಮಂತ, ಜಾಗದ ತಕರಾರು ಹೀಗೆ ನೂರೆಂಟು ಕೆಲಸ. ಮತ್ಸ್ಯಗಂಧ ರೈಲಿನಲ್ಲಿ ಎದುರು ಬದುರು ಬರ್ತಿನಲ್ಲಿ ಮಲಗಿದಷ್ಟು ಹೊತ್ತೇ ಇಬ್ಬರೂ ಒಟ್ಟಿಗೆ ಇದ್ದ ಹೊತ್ತು.

ಸಂಘದ ಪಿಕ್‌ನಿಕ್ ಇದೆಯಲ್ಲ ಎನ್ನಬಹುದು. ನಾವೂ ಹೋಗುತ್ತೇವೆ, ಬಹಳ ಒಳ್ಳೆಯದು. ಆದರೆ ಬಸ್ಸು ಹತ್ತಿದ ಕೂಡಲೇ ಗಂಡಸರು ಹಿಂದೆ ಇಸ್ಪೀಟಿಗೆ, ಹೆಂಗಸರು ಮುಂದೆ ಅಂತ್ಯಾಕ್ಷರಿಗೆ. ಸಂಜೆ ಇಳಿಯುವಾಗಲೇ ಒಬ್ಬರ ಮುಖ ಒಬ್ಬರು ನೋಡುವುದು.

ನಮ್ಮ ಬಳಗದ ಹಿರಿಯರೊಬ್ಬರು, ನಲವತ್ತು ವರ್ಷ ಹೋಟೆಲ್ ನಡೆಸಿದವರು, ಒಂದು ಸತ್ಯನಾರಾಯಣ ಪೂಜೆಯ ದಿನ ಪ್ರಸಾದ ಕೈಯಲ್ಲಿ ಹಿಡಿದುಕೊಂಡು ನಮಗೆ ಒಂದು ಮಾತು ಹೇಳಿದರು. ಅವರ ಮನೆಯವರು ತೀರಿಕೊಂಡು ಆಗ ಒಂದು ವರ್ಷ ಆಗಿತ್ತು. "ಗೇಟ್‌ವೇ ಕಡೆ ಹೋದಾಗಲೆಲ್ಲ ಆ ದೋಣಿ ಎಲ್ಲಿಗೆ ಹೋಗುವುದು ಅಂತ ಕೇಳುತ್ತಿದ್ದಳು ಮಾರಾಯ್ರೆ. ಎಲಿಫೆಂಟಾಕ್ಕೆ, ಇನ್ನೊಂದು ಸಲ ಹೋಗುವ ಅನ್ನುತ್ತಿದ್ದೆ. ಒಂದು ಗಂಟೆಯ ದಾರಿ ಅದು." ಅಷ್ಟು ಹೇಳಿ ಪ್ರಸಾದ ಬಾಯಿಗೆ ಹಾಕಿಕೊಂಡರು. ನಮ್ಮ ಮನೆಯಾಕೆ ಪಕ್ಕದಲ್ಲೇ ಇದ್ದಳು. ಅವಳೂ ಕೇಳಿಸಿಕೊಂಡಳು. ಮುಂದಿನ ತಿಂಗಳೇ ನಾವಿಬ್ಬರೂ ಆ ದೋಣಿ ಹತ್ತಿದೆವು. ಅಂದಿನಿಂದ ಎರಡು ತಿಂಗಳಿಗೊಮ್ಮೆ ಒಂದು ದಿನ ಎಂದು ಇಟ್ಟುಕೊಂಡಿದ್ದೇವೆ. ನೋಡಿದ ಜಾಗಗಳ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದು ಸಂಘದ ಮಿತ್ರರು ಹೇಳಿದ್ದರಿಂದ ಈ ಲೇಖನ.

ಜೋಡಿ ತಿರುಗಾಟ, ರೊಮ್ಯಾಂಟಿಕ್ ಎಂದರೆ ನಮ್ಮ ಪ್ರಾಯದವರು ನಗುತ್ತಾರೆ. ನಗಲಿ. ನಮ್ಮ ಅನುಭವದಲ್ಲಿ ಮಾಲಿಗೆ ಅಥವಾ ಚೌಪಾಟಿಗೆ ಹೋದರೆ ಅರ್ಧ ಗಂಟೆಯಲ್ಲಿ ಮಾತು ಮುಗಿಯುತ್ತದೆ. ಗಂಡಸು ಕಿಸೆಯಿಂದ ಫೋನ್ ತೆಗೆದು "ಇಡ್ಲಿ ಹಿಟ್ಟು ಎಷ್ಟು ಉಳಿಯಿತು" ಎಂದು ಕೇಳುತ್ತಾನೆ, ಅಲ್ಲಿಗೆ ತಿರುಗಾಟ ಮುಗಿಯಿತು. ಹಳೆಯ ಜಾಗದಲ್ಲಿ ಹಾಗಲ್ಲ. ನೋಡಲಿಕ್ಕೆ ಏನೋ ಇರುತ್ತದೆ, ಇದು ಯಾರು, ಅದು ಯಾಕೆ ಎಂದು ಮಾತಿಗೆ ಮಾತು ಹುಟ್ಟುತ್ತದೆ. ಗುಹೆಯೊಳಗೆ ಫೋನಿಗೆ ರೇಂಜ್ ಸಿಗುವುದೂ ಕಷ್ಟ. ಅದೊಂದು ದೊಡ್ಡ ಲಾಭ.

ಮೊದಲು ಎಲಿಫೆಂಟಾ. ಅಲ್ಲಿಯವರ ಬಾಯಲ್ಲಿ ಅದು ಘಾರಾಪುರಿ. ಬೆಳಿಗ್ಗೆ ಸುಮಾರು 9 ಗಂಟೆಯಿಂದ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ ಹೊರಡುತ್ತದೆ. 2024ರ ಡಿಸೆಂಬರ್ 18ರಂದು ಈ ದಾರಿಯಲ್ಲಿ ನೌಕಾಪಡೆಯ ಬೋಟು ಡಿಕ್ಕಿಯಾಗಿ ಪ್ರಯಾಣಿಕರ ದೋಣಿ ಮುಳುಗಿ ಜೀವಹಾನಿ ಆಯಿತು. ಹೆದರಿ ಮನೆಯಲ್ಲಿ ಕೂರಬೇಕೆಂದಲ್ಲ, ಲೈಫ್ ಜಾಕೆಟ್ ಹಾಕಿಕೊಂಡೇ ಕುಳಿತುಕೊಳ್ಳಿ. ಸೀರೆಯ ಮೇಲೆ ಅದು ಚಂದ ಕಾಣುವುದಿಲ್ಲ ಎಂದು ಹೆಂಗಸರು ಹೇಳುತ್ತಾರೆ, ಕೇಳಬೇಡಿ.

ದ್ವೀಪದಲ್ಲಿ ಇಳಿದ ಮೇಲೆ ಸ್ವಲ್ಪ ದೂರ ಮಕ್ಕಳಾಟಿಕೆಯಂತಹ ಚಿಕ್ಕ ರೈಲು, ಮತ್ತೆ ಸುಮಾರು 120 ಮೆಟ್ಟಿಲು. ಎರಡೂ ಕಡೆ ಅಂಗಡಿ ಸಾಲು. ಮೇಲೆ ಒಂದೇ ಬಂಡೆಯಲ್ಲಿ ಕೊರೆದ ದೊಡ್ಡ ಗುಹೆ, ಉದ್ದಗಲ ಸುಮಾರು 130 ಅಡಿ. 6ನೇ ಶತಮಾನದ ಕೆಲಸ ಎಂದು ಹೆಚ್ಚಿನವರು ಹೇಳುತ್ತಾರೆ. 1987ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು.

ಎಲ್ಲರೂ ನೋಡುವುದು ಮೂರು ಮುಖದ ಶಿವನನ್ನು. ಎತ್ತರ ಸುಮಾರು 18 ಅಡಿ. ಜನ ತ್ರಿಮೂರ್ತಿ ಎನ್ನುತ್ತಾರೆ, ಬ್ರಹ್ಮ ವಿಷ್ಣು ಮಹೇಶ್ವರ ಎಂದು ಗೈಡುಗಳೂ ಹೇಳುವುದುಂಟು. ತಿಳಿದವರ ಪ್ರಕಾರ ಮೂರೂ ಶಿವನ ಮುಖಗಳೇ, ಸದಾಶಿವ. ನಮ್ಮ ಎಡಗಡೆಗೆ ಕೋಪದ ಮುಖ, ನಡುವೆ ಶಾಂತ ಮುಖ, ಬಲಗಡೆಗೆ ಹೆಣ್ಣಿನ ಹಾಗೆ ಮೃದುವಾದ ಮುಖ. ನಮಗಿಂತ ಹೆಚ್ಚು ಹೊತ್ತು ಅದರ ಮುಂದೆ ನಿಂತದ್ದು ನಮ್ಮ ಮನೆಯಾಕೆ. "ಎಡಗಡೆಯದ್ದು ಮಧ್ಯಾಹ್ನ ಒಂದು ಗಂಟೆಗೆ ಗಲ್ಲಾದಲ್ಲಿ ಕೂತ ನಿಮ್ಮ ಮುಖ" ಎಂದಳು. ನಡುವಿನದ್ದು ಯಾವಾಗಿನದು ಎಂದು ಕೇಳಿದರೆ ನಕ್ಕಳು, ಹೇಳಲಿಲ್ಲ.

ಆದರೆ ಜೋಡಿಗಳು ಹೋಗಿ ನಿಲ್ಲಬೇಕಾದದ್ದು ಸುತ್ತಲಿನ ಗೋಡೆಗಳ ಮುಂದೆ. ಒಂದು ಕಡೆ ಶಿವ ಪಾರ್ವತಿಯರ ಕಲ್ಯಾಣ. ಪಾರ್ವತಿ ತಲೆ ತಗ್ಗಿಸಿ ನಾಚಿ ನಿಂತಿದ್ದಾಳೆ. ಇನ್ನೊಂದು ಕಡೆ ಅರ್ಧನಾರೀಶ್ವರ. ಮತ್ತೊಂದು ಕಡೆ ಇಬ್ಬರೂ ಕೈಲಾಸದಲ್ಲಿ ಪಗಡೆ ಆಡುತ್ತಿದ್ದಾರೆ, ಪಾರ್ವತಿ ಮುನಿಸಿಕೊಂಡು ಮುಖ ತಿರುಗಿಸಿದ್ದಾಳೆ. ಅದರ ಎದುರಿನಲ್ಲೇ ರಾವಣ ಕೈಲಾಸ ಎತ್ತುವ ದೃಶ್ಯ. ನಮಗೆ ಗೈಡ್ ಬೇಕಾಗಲಿಲ್ಲ. ನಮ್ಮ ಮನೆಯಾಕೆ ಚಿಕ್ಕಂದಿನಲ್ಲಿ ಗದ್ದೆಯಲ್ಲಿ ಚಾಪೆ ಹಾಕಿ ಬೆಳಗಾಗುವವರೆಗೆ ಯಕ್ಷಗಾನ ನೋಡಿದವಳು. ಕೈಕಾಲು ಮುರಿದುಹೋದ ಶಿಲ್ಪವನ್ನೂ ನೋಡಿ ಇದು ಅಂಧಕಾಸುರ ವಧೆ, ಇದು ಗಂಗಾವತರಣ ಎಂದು ಒಂದೊಂದೇ ಹೇಳಿದಳು. ಪಕ್ಕದಲ್ಲಿದ್ದ ಗುಜರಾತಿ ಕುಟುಂಬವೊಂದು ಹಿಂದಿಯಲ್ಲಿ ಹೇಳಿ ಎಂದು ಅವಳ ಹಿಂದೆಯೇ ಬಂತು. ಇಷ್ಟು ವರ್ಷದಲ್ಲಿ ಅವಳು ಅಪರಿಚಿತರ ಮುಂದೆ ಅಷ್ಟು ಹೊತ್ತು ಮಾತನಾಡಿದ್ದನ್ನು ನಾವು ನೋಡಿದ್ದು ಅದೇ ಮೊದಲು.

ಕರ್ನಾಟಕದವರಿಗೆ ಇಲ್ಲಿ ಇನ್ನೊಂದು ಕೊಂಡಿ ಇದೆ. 634ರ ಐಹೊಳೆ ಶಾಸನದಲ್ಲಿ ನಮ್ಮ ಬಾದಾಮಿಯ ಇಮ್ಮಡಿ ಪುಲಿಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ನೂರಾರು ಹಡಗುಗಳಲ್ಲಿ ಹೋಗಿ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ಮುತ್ತಿದ ಸಂಗತಿ ಇದೆ. ಆ ಪುರಿ ಇದೇ ಘಾರಾಪುರಿ ಎನ್ನುವವರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ದೋಣಿಯಲ್ಲಿ ಹಿಂದಕ್ಕೆ ಬರುವಾಗ ಚರ್ಚೆಗೆ ಒಳ್ಳೆಯ ವಿಷಯ. ಈ ದ್ವೀಪದ ಊರುಗಳಿಗೆ ಸಮುದ್ರದ ತಳದಲ್ಲಿ ಕೇಬಲ್ ಎಳೆದು ವಿದ್ಯುತ್ ಬಂದದ್ದು 2018ರಲ್ಲಿ. ಅಲ್ಲಿಯವರೆಗೆ ರಾತ್ರಿ ಕೆಲವು ಗಂಟೆ ಜನರೇಟರ್ ಮಾತ್ರ. ಫ್ರಿಜ್ ಇಲ್ಲದೆ ಅಲ್ಲಿನ ಅಂಗಡಿಯವರು ಹೇಗೆ ವ್ಯಾಪಾರ ಮಾಡಿದರೋ ಎಂದು ನಮಗೆ ಆಶ್ಚರ್ಯ.

ಎಲಿಫೆಂಟಾ ಎಂಬ ಹೆಸರಿಗೆ ಕಾರಣವಾದ ಕಲ್ಲಾನೆ ಈಗ ದ್ವೀಪದಲ್ಲಿ ಇಲ್ಲ. ಪೋರ್ಚುಗೀಸರು ಅದನ್ನು ನೋಡಿ ದ್ವೀಪಕ್ಕೆ ಆ ಹೆಸರಿಟ್ಟರು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ಒಡೆಯಿತು. ಚೂರುಗಳನ್ನು ತಂದು 1914ರಲ್ಲಿ ಜೋಡಿಸಿದರು. ಅದು ಬೈಕುಲಾದ ರಾಣಿ ಬಾಗ್ ಹತ್ತಿರ ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕದಲ್ಲಿದೆ. ಮಕ್ಕಳನ್ನು ಪ್ರಾಣಿ ನೋಡಲು ರಾಣಿ ಬಾಗಿಗೆ ಕರೆದುಕೊಂಡು ಹೋಗದವರು ನಮ್ಮಲ್ಲಿ ಕಡಿಮೆ. ಆನೆಯನ್ನು ನೋಡಿದವರು ಇನ್ನೂ ಕಡಿಮೆ.

ಈಗ ಕನ್ಹೇರಿ. ಬೋರಿವಲಿ ಪೂರ್ವದಲ್ಲಿ ಇಳಿದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿಗೆ ಹೋದರೆ, ಒಳಗೆ ಆರೇಳು ಕಿಲೋಮೀಟರ್ ಕಾಡು ದಾಟಿ ಗುಹೆಗಳು. ಉದ್ಯಾನದ ಬಸ್ಸು ಸಿಗುತ್ತದೆ. ಕೃಷ್ಣಗಿರಿ ಎಂಬ ಹೆಸರೇ ಬಾಯಲ್ಲಿ ಸವೆದು ಕನ್ಹೇರಿ ಆದದ್ದು. ಬೌದ್ಧ ಭಿಕ್ಷುಗಳ ಗುಹೆಗಳು ಇಲ್ಲಿ ನೂರಕ್ಕೂ ಹೆಚ್ಚು ಇವೆ. ಸುಮಾರು ಸಾವಿರ ವರ್ಷ ಇಲ್ಲಿ ಜನ ಇದ್ದರು. ಹಣ ಕೊಟ್ಟವರು ಕಲ್ಯಾಣ, ಸೋಪಾರ, ಚೌಲ್ ಮುಂತಾದ ಬಂದರುಗಳ ವ್ಯಾಪಾರಿಗಳು, ಅಂದರೆ ನಮ್ಮ ಹಾಗೆ ಧಂಧೆ ಮಾಡುವವರು. ಸಾತವಾಹನರ ಕಾಲದ 3ನೇ ಗುಹೆಯ ದೊಡ್ಡ ಚೈತ್ಯವನ್ನು ಮಾಡಿಸಿದವರು ವ್ಯಾಪಾರಿ ಅಣ್ಣತಮ್ಮಂದಿರು. ಅದರ ಮುಂದಿನ ಗೋಡೆಯಲ್ಲಿ ಗಂಡ ಹೆಂಡತಿಯರ ಜೋಡಿಗಳನ್ನು ಕೆತ್ತಿದ್ದಾರೆ. ತಲೆಗೆ ದೊಡ್ಡ ಮುಂಡಾಸು, ಕಾಲಿಗೆ ದಪ್ಪ ಕಡಗ. ಭಿಕ್ಷುಗಳ ಜಾಗದ ಬಾಗಿಲಲ್ಲಿ ಸಂಸಾರಿಗಳಿಗೆ ಇಷ್ಟು ದೊಡ್ಡ ಸ್ಥಾನ ಯಾಕೆ ಎಂದು ನಾವು ಬಹಳ ಹೊತ್ತು ಮಾತನಾಡಿಕೊಂಡೆವು. ಅನ್ನ ಹಾಕುವವರು ಅವರೇ ತಾನೆ.

11ನೇ ಗುಹೆಯನ್ನು ದರ್ಬಾರ್ ಗುಹೆ ಎನ್ನುತ್ತಾರೆ. ನಮ್ಮ ಹೋಟೆಲಿನವರು ಅದರೊಳಗೆ ಹೋದರೆ ಬಾಯಿ ತೆರೆದು ನಿಲ್ಲುವುದು ಖಂಡಿತ. ಉದ್ದ ಹಜಾರ, ನೆಲದಲ್ಲೇ ಕಡೆದ ಎರಡು ತಗ್ಗು ಕಲ್ಲಿನ ಕಟ್ಟೆಗಳು ಈ ತುದಿಯಿಂದ ಆ ತುದಿಗೆ. ನಮ್ಮ ಊರಿನ ದೇವಸ್ಥಾನದ ಊಟದ ಚಾವಡಿಯೇ. ಸಭೆ ಸೇರುವ ಜಾಗ ಎಂದು ಕೆಲವರು, ಊಟದ ಜಾಗ ಎಂದು ಕೆಲವರು ಹೇಳುತ್ತಾರೆ. ಬಡಿಸುವವನಿಗೆ ನಡುವೆ ಓಡಾಡಲು ಬಿಟ್ಟ ದಾರಿ ನೋಡಿದರೆ ನಮಗಂತೂ ಅನುಮಾನ ಉಳಿಯಲಿಲ್ಲ.

ಇನ್ನು ನೀರು. ಗುಹೆ ಗುಹೆಯ ಪಕ್ಕದಲ್ಲಿ ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿ, ಮಳೆ ನೀರು ಅದಕ್ಕೆ ಹರಿದು ಬರಲು ಕಲ್ಲಿನಲ್ಲೇ ಕಾಲುವೆ. ಟ್ಯಾಂಕರಿಗೆ ಫೋನ್ ಮಾಡಿ ಮಾಡಿ ಸೋತ ನಮಗೆ ಇದು ಬರೀ ಇತಿಹಾಸವಲ್ಲ. ಮುಂಬಯಿಯಲ್ಲಿ ಬೀಳುವ ಮಳೆಯನ್ನು ಎಂಟು ತಿಂಗಳಿಗೆ ಉಳಿಸಿಕೊಳ್ಳುವ ಲೆಕ್ಕ ಅವರಿಗೆ ಗೊತ್ತಿತ್ತು.

ಕನ್ಹೇರಿಯಲ್ಲಿ ಕನ್ನಡಿಗರು ನೆನಪಿಡಬೇಕಾದ ಸಂಗತಿ ಬೇರೊಂದು ಇದೆ. ಇಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ಆಳುವ ಚಕ್ರವರ್ತಿಯೆಂದು ಬರೆದಿರುವುದು ಅಮೋಘವರ್ಷನ ಹೆಸರು. ಹೌದು, ಕವಿರಾಜಮಾರ್ಗದ ಅಮೋಘವರ್ಷ ನೃಪತುಂಗನೇ. ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮರೆತ ಹೆಸರು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕುಳಿತು ಆಳಿದ ರಾಜ. ಅವನ ಕೈಕೆಳಗಿನ ಶಿಲಾಹಾರರು ಈ ಕೊಂಕಣವನ್ನು ನೋಡಿಕೊಳ್ಳುತ್ತಿದ್ದರು. ಶಾಸನ ಸಂಸ್ಕೃತದಲ್ಲಿದೆ, ಕನ್ನಡ ಅಕ್ಷರ ಹುಡುಕಿದರೆ ಸಿಗುವುದಿಲ್ಲ. ಬಂಗಾಳದ ಕಡೆಯಿಂದ ಬಂದ ಒಬ್ಬ ಭಕ್ತ ನೂರು ದ್ರಮ್ಮ ದಾನ ಕೊಟ್ಟ ವಿಷಯವೂ ಅಲ್ಲಿ ಇದೆ. ಬಂಗಾಳದವನ ದಾನ, ಕೊಂಕಣದ ಬೆಟ್ಟ, ಮಳಖೇಡದ ರಾಜ. ಹೊರಗಿನವರು ಒಳಗಿನವರು ಎಂಬ ಗಲಾಟೆ ಎದ್ದಾಗಲೆಲ್ಲ ನಮಗೆ ಈ ಬೋರಿವಲಿಯ ಬಂಡೆ ನೆನಪಾಗುತ್ತದೆ.

ಕನ್ಹೇರಿಯಲ್ಲಿ ಎಚ್ಚರ ಇರಬೇಕಾದದ್ದು ಮಂಗಗಳ ಬಗ್ಗೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಸಾಕು. ತಿಂಡಿಯನ್ನು ಹೆಗಲಿಗೆ ಹಾಕುವ ಬಟ್ಟೆಯ ಚೀಲದಲ್ಲಿ ಮುಚ್ಚಿ ಇಡಿ. ಕಟ್ಟಿಕೊಂಡು ಹೋಗುವುದು ಏನು ಎಂದು ಹೋಟೆಲಿನವರಿಗೆ ನಾವು ಹೇಳಬೇಕಾಗಿಲ್ಲ, ಆದರೂ ಒಂದು ಮಾತು. ತೆಂಗಿನಕಾಯಿ ಚಟ್ನಿ ಬೇಡ, ಬಿಸಿಲಿಗೆ ಹನ್ನೊಂದು ಗಂಟೆಗೇ ಹುಳಿಯುತ್ತದೆ. ಇಡ್ಲಿಗೆ ಚಟ್ನಿಪುಡಿ ಎಣ್ಣೆ ಸವರಿ ಬಾಳೆಲೆಯಲ್ಲಿ ಕಟ್ಟಿದರೆ ಮಧ್ಯಾಹ್ನದವರೆಗೆ ಮೆತ್ತಗಿರುತ್ತದೆ. ಚಿತ್ರಾನ್ನ ಆಗಬಹುದು. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಕಡಿಮೆ ಹಾಕಿ ಕಲಸಿದರೆ ತಿನ್ನುವ ಹೊತ್ತಿಗೆ ಸರಿಯಾಗುತ್ತದೆ. ಕಟ್ಟುವುದು ನಮ್ಮ ಹೋಟೆಲಿನ ಅಡುಗೆಭಟ್ಟರು. ಆ ದಿನ ಮನೆಯಾಕೆ ಒಲೆ ಮುಟ್ಟಬಾರದು ಎಂಬುದು ನಮ್ಮ ಮನೆಯ ಕಾಯಿದೆ.

ಯಾವ ದಿನ ಹೋಗುವುದು? ಸೋಮವಾರ ಎಲಿಫೆಂಟಾ, ಕನ್ಹೇರಿ ಎರಡೂ ಬಂದ್. ಭಾನುವಾರ ಜಾತ್ರೆಯಷ್ಟು ಜನ. ಉಪನಗರದ ಹೋಟೆಲಿನವರಿಗೆ ಭಾನುವಾರವೇ ದೊಡ್ಡ ಗಿರಾಕಿ, ಆದ್ದರಿಂದ ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಒಳ್ಳೆಯದು. ಫೋರ್ಟ್ ಕಡೆಯ ಆಫೀಸ್ ಗಿರಾಕಿಯ ಹೋಟೆಲಿನವರಿಗೆ ಭಾನುವಾರ ಬಿಡುವು, ಅವರು ಮುಂದೆ ಹೇಳುವ ವಸಾಯಿ, ಅಂಬರನಾಥದಂತಹ ಜಾಗ ಇಟ್ಟುಕೊಳ್ಳಬಹುದು. ಬಾರ್ ಇರುವವರಿಗೆ ಡ್ರೈ ಡೇ ಎಂಬ ವರ ಸರಕಾರವೇ ಕೊಟ್ಟಿದೆ. ಮಾಂಸಾಹಾರಿ ಹೋಟೆಲಿನವರಿಗೆ ಶ್ರಾವಣ ಮಾಸ ಹೇಗೂ ತಣ್ಣಗೆ. ಮಳೆಗಾಲದಲ್ಲಿ ಕನ್ಹೇರಿ ಬಹಳ ಚಂದ, ಬಂಡೆಯ ಮೇಲೆಲ್ಲ ನೀರು ಹರಿಯುತ್ತದೆ, ಆದರೆ ಜಾರುತ್ತದೆ. ಸಮುದ್ರ ಜೋರಾಗಿದ್ದರೆ ಎಲಿಫೆಂಟಾಕ್ಕೆ ದೋಣಿ ಬಿಡುವುದಿಲ್ಲ. ನವೆಂಬರಿನಿಂದ ಫೆಬ್ರವರಿ ಎಲ್ಲದಕ್ಕೂ ಒಳ್ಳೆಯದು.

ಗಲ್ಲಾದಲ್ಲಿ ಯಾರು ಎಂಬುದೇ ನಿಜವಾದ ಪ್ರಶ್ನೆ. ಒಂದು ದಿನ ಬಿಟ್ಟರೆ ಹೋಟೆಲ್ ಮುಳುಗುತ್ತದೆ ಎಂಬ ಭಯ ನಮಗೆಲ್ಲ ಇದೆ. ಈಗ ಹೆಚ್ಚಿನ ಬಿಲ್ಲು ಫೋನಿನಲ್ಲೇ ಪಾವತಿಯಾಗುವುದರಿಂದ ನಗದಿನ ಚಿಂತೆ ಮೊದಲಿನಷ್ಟಿಲ್ಲ. ನಾವು ಪಕ್ಕದ ಗಲ್ಲಿಯ ನಮ್ಮವರೊಬ್ಬರ ಜೊತೆ ಒಪ್ಪಂದ ಮಾಡಿಕೊಂಡಿದ್ದೇವೆ. ನಾವು ಹೋದ ದಿನ ಅವರು ಹನ್ನೆರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಬಂದು ನಮ್ಮ ಹೋಟೆಲಿನಲ್ಲಿ ಚಹಾ ಕುಡಿದು ಹೋಗುತ್ತಾರೆ, ಅಷ್ಟೇ. ಧಣಿಗಳ ಕಡೆಯವರು ಬರುತ್ತಾರೆ ಎಂದು ಗೊತ್ತಾದರೆ ಹುಡುಗರು ಸರಿಯಾಗಿರುತ್ತಾರೆ. ಅವರು ಹೋದ ದಿನ ನಾವು ಹೋಗಿ ಕುಡಿಯುತ್ತೇವೆ. ಅವರ ಕಾಫಿ ನಮ್ಮದಕ್ಕಿಂತ ಒಳ್ಳೆಯದು ಎಂದು ಹೀಗೆ ಗೊತ್ತಾಯಿತು. ಸಂಘದಲ್ಲಿ ಏರಿಯಾವಾರು ಇಂತಹ ಏರ್ಪಾಡು ಮಾಡಿದರೆ ಬಹಳ ಜೋಡಿಗಳಿಗೆ ಉಪಕಾರ ಆದೀತು.

ವಸಾಯಿ ಕೋಟೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇವೆ. ವಸಾಯಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪಶ್ಚಿಮಕ್ಕೆ ರಿಕ್ಷಾ. ಗುಜರಾತಿನ ಸುಲ್ತಾನ ಬಹಾದೂರ್ ಷಾ 1534ರಲ್ಲಿ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ ಜಾಗ. 1739ರಲ್ಲಿ ಚಿಮಾಜಿ ಅಪ್ಪ ಗೆದ್ದುಕೊಳ್ಳುವವರೆಗೆ ಇನ್ನೂರು ವರ್ಷ ಅದು ಅವರ ದೊಡ್ಡ ಪಟ್ಟಣ. ಒಳಗೆ ಮಾಡು ಇಲ್ಲದ ಇಗರ್ಜಿಗಳು, ಆಲದ ಬೇರು ಹಿಡಿದ ಗೋಡೆಗಳು, ಆಚೆ ತಾಳೆ ಮರ, ಸಮುದ್ರ. ಇಲ್ಲಿನ ಇಗರ್ಜಿಗಳ ಗಂಟೆಗಳನ್ನು ಮರಾಠರು ಕೊಂಡೊಯ್ದು ದೇವಸ್ಥಾನಗಳಿಗೆ ಕೊಟ್ಟರು. ನಾಸಿಕದ ನಾರೋಶಂಕರ ದೇವಸ್ಥಾನದಲ್ಲಿ ಇಂದಿಗೂ ಅಂತಹ ಗಂಟೆ ಇದೆ. 1802ರ ಡಿಸೆಂಬರ್ 31ರಂದು ಎರಡನೇ ಬಾಜೀರಾವ್ ಪೇಶ್ವೆ ಇಂಗ್ಲಿಷರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದೂ ವಸಾಯಿಯಲ್ಲೇ. ಕೋಟೆಯಲ್ಲಿ ನಾವು ಹೋದ ದಿನ ಮದುವೆಗೆ ಮೊದಲಿನ ಫೋಟೋ ತೆಗೆಸುವ ನಾಲ್ಕು ಜೋಡಿ ಇದ್ದರು. ಒಬ್ಬ ಫೋಟೋಗ್ರಾಫರ್ ನಮ್ಮನ್ನೂ ನಿಲ್ಲಿಸಿ ಒಂದು ತೆಗೆದ, ದುಡ್ಡು ತೆಗೆದುಕೊಳ್ಳಲಿಲ್ಲ. ಒಳಗೆ ತಿನ್ನಲು ಕುಡಿಯಲು ಏನೂ ಇಲ್ಲ, ನೀರು ಒಯ್ಯಿರಿ. ಬರುವಾಗ ಪೇಟೆಯಲ್ಲಿ ಸುಕೇಳಿ ಸಿಕ್ಕಿದರೆ ತನ್ನಿ. ವಸಾಯಿಯ ಬಾಳೆಹಣ್ಣನ್ನು ಬಿಸಿಲಿಗೆ ಒಣಗಿಸಿ ಮಾಡುವುದು, ಈಗ ಮಾಡುವವರು ಕಡಿಮೆ.

ಅಂಬರನಾಥದ ಶಿವ ದೇವಸ್ಥಾನ ಅರ್ಧ ದಿನದ ಕೆಲಸ. 1060ರ ಶಾಸನ ಇರುವ ಶಿಲಾಹಾರರ ಗುಡಿ, ಗರ್ಭಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು, ಮೇಲೆ ನೋಡಿದರೆ ಆಕಾಶ. ಹೊರಗೋಡೆಯ ಕೆತ್ತನೆ ನೋಡಿದರೆ ಹಳೇಬೀಡು ಬೇಲೂರು ನೋಡಿದವರಿಗೆ ಪರಿಚಯದವರನ್ನು ಕಂಡ ಹಾಗೆ ಆಗುತ್ತದೆ. ಶಿವರಾತ್ರಿ ಮತ್ತು ಶ್ರಾವಣ ಸೋಮವಾರ ಬಿಟ್ಟು ಹೋಗಿ.

ಇಡೀ ದಿನ ಸಿಗದವರಿಗೆ ಮಧ್ಯಾಹ್ನ ಮೂರರಿಂದ ಆರರ ಬಿಡುವಿನಲ್ಲಿ ವಾಲ್ಕೇಶ್ವರದ ಬಾಣಗಂಗಾ ಇದೆ. ಸುತ್ತ ಮಲಬಾರ್ ಹಿಲ್‌ನ ಎತ್ತರದ ಕಟ್ಟಡಗಳು, ನಡುವೆ ಕಲ್ಲಿನ ಮೆಟ್ಟಿಲಿನ ಸಿಹಿನೀರಿನ ಕೆರೆ, ನಾಲ್ಕು ಹೆಜ್ಜೆ ಆಚೆ ಉಪ್ಪು ಸಮುದ್ರ. ಕಾಶಿ ಮಠದ ಶಾಖೆಯೂ ಅಲ್ಲೇ ಇರುವುದರಿಂದ ನಮ್ಮ ಜಿ.ಎಸ್.ಬಿ. ಬಾಂಧವರಿಗೆ ಹೊಸ ಜಾಗವಲ್ಲ. ಮೆಟ್ಟಿಲ ಮೇಲೆ ಸುಮ್ಮನೆ ಕುಳಿತುಕೊಳ್ಳಬಹುದು, ಯಾರೂ ಏಳಿ ಎನ್ನುವುದಿಲ್ಲ.

ಇದನ್ನು ಬರೆಯುವಾಗ ಒಂದು ವಿಷಯ ನೆನಪಾಯಿತು. ನಮ್ಮ ಹೋಟೆಲುಗಳಲ್ಲಿ ಹುಡುಗ ಹುಡುಗಿ ಎರಡು ಕಾಫಿ ಹೇಳಿ ಒಂದು ಗಂಟೆ ಕೂತರೆ ಸಪ್ಲಾಯರನ್ನು ಕಳುಹಿಸಿ ಎರಡೆರಡು ಸಲ ಟೇಬಲ್ ಒರೆಸಿಸುತ್ತೇವೆ. ಎಲಿಫೆಂಟಾದಲ್ಲಿ ಚಹಾದಂಗಡಿಯ ಬೆಂಚಿನಲ್ಲಿ ನಾವಿಬ್ಬರೂ ಎರಡು ಚಹಾಕ್ಕೆ ಮುಕ್ಕಾಲು ಗಂಟೆ ಕೂತೆವು. ಅಂಗಡಿಯ ಹೆಂಗಸು ಒಂದು ಮಾತು ಆಡಲಿಲ್ಲ, ಇನ್ನಷ್ಟು ಶುಂಠಿ ಹಾಕಲೇ ಎಂದು ಕೇಳಿದಳು. ಗಿರಾಕಿ ಜೋರಿಲ್ಲದ ಮೂರರಿಂದ ಐದರೊಳಗೆ ಜೋಡಿಗಳನ್ನು ಕೂರಲು ಬಿಟ್ಟರೆ ನಮ್ಮ ಗಂಟು ಏನೂ ಹೋಗುವುದಿಲ್ಲ ಎಂದು ನಮ್ಮ ಅಭಿಪ್ರಾಯ. ಒಪ್ಪದವರು ಒಪ್ಪದಿರಲಿ. ಬೋರಿವಲಿ, ವಸಾಯಿ, ಅಂಬರನಾಥ ಸ್ಟೇಷನ್ ಹತ್ತಿರ ಹೋಟೆಲ್ ಇರುವವರು ಬೆಳಿಗ್ಗೆ ತಿರುಗಾಡಲು ಹೋಗುವವರಿಗೆಂದೇ ಇಬ್ಬರ ಊಟದ ಪಾರ್ಸೆಲ್ ಇಟ್ಟರೆ ವ್ಯಾಪಾರವೂ ಆದೀತು.

ಕೊನೆಗೆ ಕಾರ್ಲಾ. ಇದು ಪುಣೆಯ ನಮ್ಮವರಿಗೂ ಮುಂಬಯಿಯವರಿಗೂ ನಡುವಿನ ದಾರಿ. ಲೋಣಾವಳದಲ್ಲಿ ಇಳಿದರೆ ಹತ್ತು ಹನ್ನೊಂದು ಕಿಲೋಮೀಟರ್. ಬುಡದಿಂದ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ನಮ್ಮ ಧಂಧೆಯವರಿಗೆ ಐವತ್ತು ದಾಟಿದ ಮೇಲೆ ನಿಂತು ನಿಂತು ಮೊಣಕಾಲು ಹೋಗುತ್ತದೆ, ಮನೆಯಲ್ಲಿ ಹೆಂಗಸರ ಕಥೆಯೂ ಅದೇ. ನಮ್ಮ ಮನೆಯಾಕೆಗೆ ಡಾಕ್ಟರು ಹೇಳಿ ಆಗಿದೆ, ಇನ್ನು ಎರಡು ಮೂರು ವರ್ಷದಲ್ಲಿ ಎಡ ಮೊಣಕಾಲಿಗೆ ಆಪರೇಷನ್ ಎಂದು. ಅದಕ್ಕೇ ಮೆಟ್ಟಿಲಿನ ಜಾಗಗಳನ್ನು ಮೊದಲು ನೋಡಿ ಮುಗಿಸುವ ಎಂದು ಅವಳೇ ಹೇಳಿದ್ದು. ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಕೈಹಿಡಿದುಕೊಂಡು ಹತ್ತಿದೆವು. ಕೈಹಿಡಿಯಲು ಮೊಣಕಾಲು ನೋವು ಒಂದು ಒಳ್ಳೆಯ ನೆಪ.

ಮೇಲೆ ಏಕವೀರಾ ದೇವಿಯ ಗುಡಿ, ಕೋಳಿ ಜನರ ಕುಲದೇವತೆ. ಅದರ ಪಕ್ಕದಲ್ಲೇ ಚೈತ್ಯ. ಸುಮಾರು 124 ಅಡಿ ಉದ್ದ, 45 ಅಡಿ ಅಗಲ, ಎಲ್ಲ ಒಂದೇ ಬಂಡೆ. ದೇಶದಲ್ಲಿ ಬಂಡೆಯಲ್ಲಿ ಕೊರೆದ ಚೈತ್ಯಗಳಲ್ಲಿ ಇದೇ ದೊಡ್ಡದು. ಕಮಾನಿನ ಮಾಡಿಗೆ ಕೂಡಿಸಿದ ಮರದ ಪಕ್ಕೆಗಳು ಸುಮಾರು ಎರಡು ಸಾವಿರ ವರ್ಷದಿಂದ ಹಾಗೆಯೇ ಇವೆ. ಎರಡೂ ಕಡೆ ಸಾಲು ಕಂಬಗಳು, ಕಂಬದ ತಲೆಯಲ್ಲಿ ಆನೆ, ಆನೆಯ ಮೇಲೆ ಗಂಡು ಹೆಣ್ಣಿನ ಜೋಡಿ. ಕಂಬಗಳಲ್ಲಿ ದಾನ ಕೊಟ್ಟವರ ಹೆಸರು, ಅದರಲ್ಲಿ ಯವನರೂ ಇದ್ದಾರೆ. ಬಾಗಿಲಿಗೆ ದುಡ್ಡು ಕೊಟ್ಟವನು ಒಬ್ಬ ಗಂಧದ ವ್ಯಾಪಾರಿ. ಮಾಡಿದ ಬಡಗಿಯ ಹೆಸರನ್ನೂ ಬರೆದಿದ್ದಾರೆ. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಯುವುದನ್ನು ನೋಡಿ ನಗುವವರು ಒಮ್ಮೆ ಇಲ್ಲಿಗೆ ಬರಬೇಕು.

ಮುಂಭಾಗದ ಗೋಡೆಯಲ್ಲಿ ಒಂದು ಶಾಸನ ಇದೆ. ಈ ಶಿಲೆಯ ಮನೆಯನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಭೂತಪಾಲ ಎಂಬ ಸೆಟ್ಟಿ ಎಂದು ಅದರಲ್ಲಿ ಬರೆದಿದೆ. ವೈಜಯಂತಿ ಎಂದರೆ ನಮ್ಮ ಉತ್ತರ ಕನ್ನಡದ ಬನವಾಸಿ ಎಂದು ವಿದ್ವಾಂಸರು ಹೇಳುತ್ತಾರೆ. ಶಾಸನದ ಶಬ್ದವೂ ಸೇಠಿ ಎಂದೇ, ಸೆಟ್ಟಿ ಶೆಟ್ಟಿ ಎಲ್ಲ ಅಲ್ಲಿಂದಲೇ ಬಂದದ್ದು. ಅಂದರೆ ಎರಡು ಸಾವಿರ ವರ್ಷದ ಹಿಂದೆ ಬನವಾಸಿಯಿಂದ ಘಟ್ಟ ಹತ್ತಿ ಇಳಿದು ಬಂದು ಇಲ್ಲಿ ವ್ಯಾಪಾರ ಮಾಡಿ, ಗಳಿಸಿದ್ದನ್ನು ಇಲ್ಲಿಯೇ ಹಾಕಿ ಹೋದ ಸೆಟ್ಟಿಯೊಬ್ಬ ಇದ್ದ. ಇದನ್ನು ಹೇಳಿದಾಗ ನಮ್ಮ ಮನೆಯಾಕೆ ಕೇಳಿದ್ದು ಒಂದೇ ಪ್ರಶ್ನೆ, "ಅವನ ಹೆಂಡತಿಯನ್ನು ಕರೆದುಕೊಂಡು ಬಂದಿದ್ದನೋ, ಊರಿನಲ್ಲಿ ಬಿಟ್ಟು ಬಂದಿದ್ದನೋ?"

ಶಾಸನದಲ್ಲಿ ಅದರ ಉತ್ತರ ಇಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಆಳೆತ್ತರದ ಜೋಡಿಗಳಿದ್ದಾರೆ, ಒಬ್ಬರ ಹೆಗಲಿಗೆ ಒಬ್ಬರು ಕೈಯಿಟ್ಟು ನಿಂತವರು. ಅವಳು ಒಂದೊಂದು ಹೆಂಗಸಿನ ಸೊಂಟದ ಪಟ್ಟಿ, ಕಾಲಿನ ಕಡಗ ನೋಡುತ್ತ ಅಲ್ಲಿಯೇ ಅರ್ಧ ಗಂಟೆ ನಿಂತಳು. ಅಷ್ಟರಲ್ಲಿ ಮ್ಯಾನೇಜರನ ಫೋನ್ ಬಂತು, ಗ್ಯಾಸ್ ಸಿಲಿಂಡರ್ ಬಂದಿದೆ, ಎಷ್ಟು ಇಳಿಸಲಿ ಎಂದು. ಆರು ಇಳಿಸು ಎಂದು ಹೇಳಿ ಫೋನ್ ಬಂದ್ ಮಾಡಿದೆವು. ಇಳಿಯುವಾಗ ಮೆಟ್ಟಿಲ ಬದಿಯಲ್ಲಿ ಮಜ್ಜಿಗೆ ಮಾರುವವರು ಇರುತ್ತಾರೆ. ಪುಣೆ ಕಡೆಯವರಿಗೆ ಮಳವಲಿ ಸ್ಟೇಷನ್ ಹತ್ತಿರ, ಲೋಕಲ್ ನಿಲ್ಲುತ್ತದೆ. ಅಲ್ಲಿಂದ ಇನ್ನೊಂದು ಬದಿಗೆ ಭಾಜಾ ಗುಹೆಗಳು, ಅದನ್ನು ನಾವು ಮುಂದಿನ ತಿರುಗಾಟಕ್ಕೆ ಇಟ್ಟಿದ್ದೇವೆ.